ಕಹಿ ಬೆರಳಿನ ಕೆಂಚಿ

ನಮ್ಮಜ್ಜಿಯ ಅಜ್ಜಿಗೆ ಇನ್ನೂ ಹಾಲುಹಲ್ಲು ಮೂಡದಿದ್ದ ಕಾಲದಲ್ಲಿ ಜೇನುಗಿರಿ ಅಂತ ಒಂದು ರಾಜ್ಯ ಇತ್ತು. ಅದನ್ನು ಆಳುತ್ತಿದ್ದವನು ಚೆಲುವರಸ. ಒಳ್ಳೆಯ ರಾಜ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮಗಳ ವಿಷಯ ಬಂದರೆ ಮಾತ್ರ ಅವನ ಬುದ್ಧಿ ಬೆಲ್ಲದ ಹಾಗೆ ಕರಗಿಹೋಗುತ್ತಿತ್ತು.

ಮಗಳ ಹೆಸರು ಸವಿಯಾಂಬೆ. ಹುಟ್ಟಿದ ದಿನವೇ ತಾಯಿಯನ್ನು ಕಳೆದುಕೊಂಡ ಕೂಸು. ಅರಮನೆಯ ಅಡುಗೆ ಮಾಡುವ ಬೆಳ್ಳಮ್ಮನಿಗೆ ಆಗ ಆರು ತಿಂಗಳ ಮಗಳಿದ್ದಳು, ಕೆಂಚಿ ಅಂತ. ಬೆಳ್ಳಮ್ಮ ಇಬ್ಬರಿಗೂ ಎದೆಹಾಲು ಕೊಟ್ಟು ಸಾಕಿದಳು. ಹಾಲು ಬಿಡಿಸುವ ಹೊತ್ತು ಬಂದಾಗ ಆ ಸೀಮೆಯ ತಾಯಂದಿರೆಲ್ಲ ಮಾಡುವ ಹಾಗೆ ನೆಲಬೇವು ಅರೆದು ಎದೆಗೆ ಹಚ್ಚಿಕೊಂಡಳು. ಕೆಂಚಿ ಬಾಯಿಟ್ಟಳು, ಥೂ ಅಂದಳು, ಒಂದು ದಿನ ಅತ್ತಳು, ಮಾರನೆಯ ದಿನ ರಾಗಿ ಅಂಬಲಿ ಕುಡಿದಳು. ರಾಜಕುಮಾರಿಯ ಸರದಿ ಬಂದಾಗ ರಾಜ ಅಡ್ಡ ನಿಂತ.

“ತಾಯಿಲ್ಲದ ಕೂಸಿಗೆ ಕಹಿಯೇ? ನನ್ನ ಮಗಳ ನಾಲಗೆಗೆ ಕಹಿ, ಖಾರ, ಹುಳಿ ಯಾವತ್ತೂ ಸೋಕಕೂಡದು. ಸೋಕಿಸಿದವರ ಕೈ ಕಡಿಸುತ್ತೇನೆ!” ಅಂತ ಊರೂರಲ್ಲಿ ಡಂಗುರ ಹೊಡೆಸಿಬಿಟ್ಟ. ಎಂಥಾ ಪ್ರೀತಿ ಅಂತೀರಿ!

ಸವಿಯಾಂಬೆ ಪಾಯಸ, ಹೋಳಿಗೆ, ಹಾಲುಬಾಯಿ ತಿಂದುಕೊಂಡೇ ಬೆಳೆದಳು. ಹದಿನಾರು ತುಂಬಿದ ದಿನ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. “ಹಸಿವಿಲ್ಲ” ಅಂದಳು. ಮಾರನೆಯ ದಿನವೂ ಇಲ್ಲ. ತಿಂಗಳಾದರೂ ಇಲ್ಲ. ವೈದ್ಯರು ಸಾಲುಗಟ್ಟಿ ಬಂದರು. ಏನು ಪ್ರಯೋಜನ? ಕೈ ಹೋದೀತೆಂಬ ಭಯಕ್ಕೆ ಅವರು ಕಷಾಯಕ್ಕೂ ಜೇನು ಸುರಿದರು, ಚೂರ್ಣಕ್ಕೂ ಸಕ್ಕರೆ ಬೆರೆಸಿದರು. ರಾಜಕುಮಾರಿ ಬಡಕಲಾಗಿ ಹಾಸಿಗೆ ಹಿಡಿದಳು. “ಅಮಾವಾಸ್ಯೆ ದಾಟುವುದು ಕಷ್ಟ” ಅಂತ ಹಿರಿಯ ವೈದ್ಯರು ತಲೆ ತಗ್ಗಿಸಿದರು.

ಕೆಂಚಿ ಅವ್ವನ ಹತ್ತಿರ ಓಡಿದಳು. ಒಂದೇ ಹಾಲು ಕುಡಿದು ಬೆಳೆದ ತಂಗಿ ಅಲ್ಲವೇ!

“ಅವ್ವಾ, ಇದಕ್ಕೆ ಮದ್ದೇ ಇಲ್ವಾ?” ಅಂತ ಕೇಳಿದಳು.

“ಇದು ರೋಗ ಅಲ್ಲ ಮಗಳೇ, ಕಳ್ಳತನ” ಅಂದಳು ಬೆಳ್ಳಮ್ಮ. “ಮಂತ್ರವಾದಿ ಡೊಳ್ಳೇಶ ಕಂಡವರ ಹಸಿವು ಕದ್ದು ದೊಡ್ಡಿಯಲ್ಲಿ ಕಟ್ಟಿಹಾಕ್ತಾನೆ. ಬರೀ ಸಿಹಿ ತಿಂದು ಮಂಕಾದ ಹಸಿವನ್ನ ಕದಿಯೋದು ಅವನಿಗೆ ಬಲು ಸುಲಭ. ಅವನ ಕೋಟೆಯ ದಾರಿಯಲ್ಲಿ ಮೂರು ಬೆಟ್ಟ ಇವೆ. ಮೊದಲನೇದರಲ್ಲಿ ನೆಲಬೇವು, ಎರಡನೇದರಲ್ಲಿ ಖಾರದ ಹಿಪ್ಪಲಿ, ಮೂರನೇದರಲ್ಲಿ ನಿಂಬೆ. ಮೂರನ್ನೂ ತಗೊಂಡು ಹೋಗು. ಮೂರೂ ಕೂಡಿದರೆ ಸತ್ತ ಹಸಿವೂ ಎದ್ದು ಕೂರುತ್ತೆ.”

ಕೆಂಚಿ ಬುತ್ತಿ ಕಟ್ಟಿಕೊಂಡು ಹೊರಟಳು.

ಮೊದಲ ಬೆಟ್ಟದಲ್ಲಿ ನೆಲಬೇವಿನ ಪೊದೆಗಳ ನಡುವೆ ಮನೆಯಷ್ಟು ದೊಡ್ಡ ಕರಡಿ ಕೂತಿತ್ತು.

“ಒಂದು ಹಿಡಿ ಸೊಪ್ಪು ಅಗಿದು ನುಂಗು. ರುಚಿ ಹೇಗಿತ್ತು ಹೇಳು. ಆಮೇಲೆ ಬೇಕಾದಷ್ಟು ಕಿತ್ಕೋ” ಅಂತು ಕರಡಿ.

ಕೆಂಚಿ ಅಗಿದಳು. ಮುಖ ಹಿಂಡಿಹೋಯಿತು, ಕಣ್ಣಲ್ಲಿ ನೀರು ಬಂತು. ಆದರೂ ನುಂಗಿದಳು.

“ಹಾಳಾಗ್ಹೋಗ್ಲಿ, ಕಹಿ ಅಂದ್ರೆ ಕಹಿ! ಆದರೆ ನಮ್ಮವ್ವನ ನೆನಪಾಯ್ತು” ಅಂದಳು.

ಕರಡಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. “ನಿನ್ನೆ ಒಬ್ಬ ಸರದಾರ ಬಂದಿದ್ದ. ಅಮೃತದ ಹಾಗಿದೆ ಅಂದ. ಅಂಥ ಸುಳ್ಳುಬುರುಕನಿಗೆ ಒಂದೆಲೆಯೂ ಕೊಡಲಿಲ್ಲ. ನೀನು ತಗೋ ತಾಯಿ.”

ಎರಡನೆಯ ಬೆಟ್ಟದಲ್ಲಿ ಹಿಪ್ಪಲಿ ಬಳ್ಳಿಗೆ ಸುತ್ತಿಕೊಂಡು ಬೆಂಕಿಯುಡ ಮಲಗಿತ್ತು. ಹತ್ತಿರ ಹೋದವರನ್ನು ಉಸಿರಲ್ಲೇ ಸುಡುತ್ತಿತ್ತು. ಕೆಂಚಿ ದೂರದಿಂದ ನೋಡಿದಳು. ಉಡದ ಕಣ್ಣು ಕೆಂಪಗಿತ್ತು, ಮೂಗು ಸೊರಸೊರ ಅನ್ನುತ್ತಿತ್ತು.

“ಏನಣ್ಣಾ, ನೆಗಡಿಯಾ?” ಅಂದಳು.

“ನೂರು ವರ್ಷದ ನೆಗಡಿ ಕಣವ್ವಾ!” ಅಂತ ಉಡ ಗೋಳಾಡಿತು. “ಸೀನು ಬಂದಂಗಾಗುತ್ತೆ, ಬರಲ್ಲ. ಅದಕ್ಕೇ ಎಲ್ಲರ ಮೇಲೂ ಸಿಟ್ಟು.”

“ಮದ್ದಿನ ಮೇಲೇ ಮಲಗಿದೀಯಲ್ಲಪ್ಪ! ನಾಕು ಹಿಪ್ಪಲಿ ಅಗಿ.”

ಉಡ ಅಗಿಯಿತು. ಆ… ಆ… ಆಕ್ಷೀ! ಆ ಸೀನಿಗೆ ಬೆಟ್ಟವೇ ಅಲುಗಿತು, ಹೊಟ್ಟೆಯೊಳಗಿನ ಬೆಂಕಿಯೆಲ್ಲ ಆರಿಹೋಯಿತು. ಹಗುರಾದ ಉಡ ತಾನೇ ಒಂದು ಮಡಿಲು ಹಿಪ್ಪಲಿ ಕಿತ್ತುಕೊಟ್ಟಿತು.

ಮೂರನೆಯ ಬೆಟ್ಟದಲ್ಲಿ ಒಂದೇ ಒಂದು ನಿಂಬೆಮರ. ಮರದ ಮೇಲೊಂದು ಮುದಿ ಗಡವ ಕೋತಿ. ಸುತ್ತ ನೂರು ಕಲ್ಲಿನ ಮನುಷ್ಯರು.

“ಹುಳಿಯ ಮಾತಾಡೋಣ” ಅಂತು ಗಡವ. “ಯಾರ ಬಾಯಲ್ಲಿ ಮೊದಲು ನೀರೂರುತ್ತೋ ಅವರು ಸೋತ ಹಾಗೆ. ನೀನು ಸೋತರೆ ಕಲ್ಲಾಗ್ತೀಯ. ನಾನು ಸೋತರೆ ಹಣ್ಣು ನಿನ್ನದು, ಈ ಕಲ್ಲುಗಳಿಗೆ ಜೀವವೂ ಬರುತ್ತೆ.”

ಗಡವಕ್ಕೇನು ಗೊತ್ತು, ಕೆಂಚಿ ದಿನಕ್ಕೆ ನೂರು ನಿಂಬೆಹಣ್ಣು ಹೆಚ್ಚುವವಳು ಅಂತ! ಅಡುಗೆಮನೆಯಲ್ಲಿ ಹೇಳುವ ಹಾಗೆ ನಿಧಾನವಾಗಿ ಶುರು ಮಾಡಿದಳು. “ಹಣ್ಣನ್ನ ಎಂಟು ಹೋಳು ಮಾಡಬೇಕು. ಜಾಡಿಗೆ ಹಾಕಿ, ಕಲ್ಲುಪ್ಪು ಸುರಿದು, ಬಟ್ಟೆ ಕಟ್ಟಿ ಬಿಸಿಲಿಗಿಡಬೇಕು. ಹೋಳು ಮೆತ್ತಗಾಗಿ ರಸ ಬಿಡುತ್ತೆ. ಆಮೇಲೆ ಸಾಸಿವೆ, ಮೆಣಸು ಕುಟ್ಟಿ ಬೆರೆಸಿ, ಇಂಗಿನ ಒಗ್ಗರಣೆ ಚೊಂಯ್ ಅಂತ…”

ಟಪ್! ಮರದ ಮೇಲಿಂದ ಅವಳ ನೆತ್ತಿಗೇ ಜೊಲ್ಲು ಬಿತ್ತು.

“ಇನ್ನು ನಿಲ್ಲಿಸೇ ತಾಯಿ, ಸೋತೆ!” ಅಂತ ಗಡವ ಹಣ್ಣು ಉದುರಿಸಿತು. ಕಲ್ಲಾಗಿದ್ದವರು ಮೈಮುರಿದು ಎದ್ದು ಊಟದ ಹೊತ್ತಾಯಿತು ಅಂತ ಮನೆಗೆ ಓಡಿದರು.

ಬೆಟ್ಟದ ಕೆಳಗೇ ಡೊಳ್ಳೇಶನ ಕೋಟೆ. ಅವನ ದೊಡ್ಡಿಯ ತುಂಬ ಕದ್ದ ಹಸಿವುಗಳು. ಪೈಲ್ವಾನನ ಹಸಿವು ಕೋಣವಾಗಿತ್ತು, ಮುದುಕಿಯ ಹಸಿವು ಕೋಳಿಯಾಗಿತ್ತು. ಮೂಲೆಯಲ್ಲಿ ಒಂದು ಬಿಳಿ ಆಡಿನ ಮರಿ ಮಂಕಾಗಿ ನಿಂತಿತ್ತು. ಕೆಂಚಿಯನ್ನು ಕಂಡದ್ದೇ ಮ್ಯಾ ಅಂತು. ತಂಗಿಯ ಹಸಿವು ಅದೇ ಅಂತ ಅವಳಿಗೆ ಗೊತ್ತಾಯಿತು.

“ಆ ಮರಿ ಇವತ್ತಿನ ನನ್ನ ಊಟಕ್ಕೆ!” ಅಂತ ಡೊಳ್ಳೇಶ ಗುಡುಗಿದ. ಮುಂದೆ ನೂರು ಭಕ್ಷ್ಯ, ಕಂಕುಳಲ್ಲಿ ಮಂತ್ರದ ಓಲೆಗಳ ಕಟ್ಟು. “ದಿನಕ್ಕೊಂದು ಹಸಿವು ನುಂಗಿದರೇ ನನಗೆ ತುತ್ತು ಇಳಿಯೋದು.”

“ಯಾಕಪ್ಪಾ, ನಿನ್ನ ಸ್ವಂತ ಹಸಿವು ಎಲ್ಲಿ ಹೋಯ್ತು?”

ಡೊಳ್ಳೇಶನ ಮೋರೆ ಬಾಡಿತು. ನಲವತ್ತು ವರ್ಷದಿಂದ ಯಾರೂ ಅವನನ್ನು ಹಾಗೆ ಕೇಳಿರಲಿಲ್ಲ. “ಸತ್ತುಹೋಯ್ತವ್ವಾ” ಅಂತ ಅಳುವ ದನಿಯಲ್ಲಿ ಹೇಳಿದ.

ಕೆಂಚಿ ಯೋಚಿಸಿದಳು. ಇಷ್ಟು ದೊಡ್ಡ ಹೊಟ್ಟೆಗೆ ತಂದ ಮದ್ದೆಲ್ಲ ಬೇಕು. ಇವನಿಗೆ ಕೊಟ್ಟರೆ ತಂಗಿಗಿಲ್ಲ, ಕೊಡದಿದ್ದರೆ ತಂಗಿಯ ಹಸಿವು ಇವನ ಹೊಟ್ಟೆಗೆ. “ನಿನ್ನದನ್ನ ನಾನು ಎಬ್ಬಿಸ್ತೀನಿ, ಮಿಕ್ಕವರದನ್ನ ಬಿಟ್ಟುಬಿಡು” ಅಂದಳು. ಅವನು ಹೂಂ ಅಂದ. ನೆಲಬೇವನ್ನೂ ಹಿಪ್ಪಲಿಯನ್ನೂ ಅಂಗೈಯಲ್ಲೇ ತಿಕ್ಕಿ ತಿಕ್ಕಿ ಅರೆದು, ನಿಂಬೆರಸ ಹಿಂಡಿ ಕುಡಿಸಿದಳು.

ಡೊಳ್ಳೇಶನ ಹೊಟ್ಟೆಯೊಳಗೆ ಆನೆ ಘೀಳಿಟ್ಟಂತಾಯಿತು. ನಲವತ್ತು ವರ್ಷ ಮಲಗಿದ್ದ ಹಸಿವು ಎದ್ದಿತ್ತು! ನೂರು ಭಕ್ಷ್ಯ ಮುಗಿಸಿದ, ಹಾಸಿದ್ದ ಬಾಳೆಲೆ ತಿಂದ, ಸಾಲದೆ ಮಂತ್ರದ ಓಲೆಗಳನ್ನೂ ಹಪ್ಪಳದ ಹಾಗೆ ಕರಕರ ಮುರಿದು ನುಂಗಿಬಿಟ್ಟ. ಕೊನೆಯ ಓಲೆ ಗಂಟಲಲ್ಲಿ ಇಳಿದದ್ದೇ ಅವನ ಮಾಯೆ ಮುಗಿಯಿತು. ಕೋಟೆ ಕರಗಿತು, ಹಗ್ಗಗಳು ಬಿಚ್ಚಿಕೊಂಡವು, ಹಸಿವುಗಳು ತಂತಮ್ಮ ಊರಿಗೆ ಓಟ ಕಿತ್ತವು.

ಅಮಾವಾಸ್ಯೆಯ ದಿನ ಬೆಳಗ್ಗೆ ಕೆಂಚಿ ಮರಿಯೊಂದಿಗೆ ಅರಮನೆ ಮುಟ್ಟಿದಳು. ಆದರೆ ಮರಿ ರಾಜಕುಮಾರಿಯ ಕೋಣೆಯ ಹೊಸಿಲಲ್ಲೇ ನಿಂತುಬಿಟ್ಟಿತು. ಒಳಗಿನಿಂದ ಬರುತ್ತಿದ್ದ ಸಿಹಿಯ ವಾಸನೆಗೆ ಮೂತಿ ತಿರುಗಿಸಿತು. ಎಳೆದರೂ ಬಾರದು, ನೂಕಿದರೂ ಬಾರದು. ಸವಿಯಾಂಬೆಯ ಉಸಿರು ನೂಲಿನ ಎಳೆಯಷ್ಟಾಗಿತ್ತು. ಚೆಲುವರಸ ಮಗಳ ಕಾಲ ಬಳಿ ಕುಸಿದು ಕೂತಿದ್ದ.

ಮದ್ದು ಖಾಲಿ. ಕೆಂಚಿ ತನ್ನ ಕೈ ನೋಡಿಕೊಂಡಳು. ದಾರಿಯ ಹಳ್ಳಗಳಲ್ಲಿ ಮೂರು ಸಲ ತೊಳೆದಿದ್ದರೂ ಬೆರಳಿನ ಹಸಿರು ಹೋಗಿರಲಿಲ್ಲ. ನೆಲಬೇವು ಅರೆದ ಕೈಯ ಕಹಿ ಅಷ್ಟು ಸುಲಭಕ್ಕೆ ಹೋಗುವುದಿಲ್ಲ, ಅದು ಅಡುಗೆಯವರಿಗೆಲ್ಲ ಗೊತ್ತು.

“ಅವ್ವ ಅವತ್ತೇ ಮಾಡಬೇಕಾಗಿದ್ದ ಕೆಲಸ ಇದು” ಅಂದವಳೇ ಆ ಬೆರಳನ್ನು ತಂಗಿಯ ಬಾಯೊಳಗಿಟ್ಟಳು.

“ಕೈ ಕಡಿಯಿರಿ!” ಅಂತ ರಾಜ ಕೂಗಿದ. ಕಾವಲುಗಾರ ಕತ್ತಿ ಎತ್ತಿದ. ಕೆಂಚಿ ಬೆರಳು ತೆಗೆಯಲಿಲ್ಲ.

ಸವಿಯಾಂಬೆಯ ಮುಖ ಹಿಂಡಿಹೋಯಿತು.

“ಥೂ! ಏನಕ್ಕಾ ಇದು!”

ಎತ್ತಿದ ಕತ್ತಿ ಅಲ್ಲೇ ನಿಂತಿತು. ತಿಂಗಳಿಂದ ಒಣಗಿದ್ದ ಬಾಯಲ್ಲಿ ನೀರೂರಿತು. ಹೊಸಿಲಲ್ಲಿದ್ದ ಮರಿ ಕಿವಿ ನೆಟ್ಟಗೆ ಮಾಡಿತು, ಒಂದೇ ನೆಗೆತಕ್ಕೆ ಒಳಗೆ ಬಂದು ಅವಳ ಹೊಟ್ಟೆಯಲ್ಲಿ ಮಾಯವಾಯಿತು.

“ಅಕ್ಕಾ, ಹಸಿವು” ಅಂದಳು ಸವಿಯಾಂಬೆ. “ತುಂಬಾ ಹಸಿವು ಕಣೇ!”

ಬೆಳ್ಳಮ್ಮ ಒಂದೇ ಉಸಿರಿಗೆ ಓಡಿ ಮೆತ್ತಗೆ ಬೆಂದ ಅನ್ನಕ್ಕೆ ಮೆಣಸಿನ ಸಾರು ಕಲಸಿ ತಂದಳು. ರಾಜಕುಮಾರಿ ಸೊರಸೊರ ಅನ್ನುತ್ತ, ಮೂಗು ಒರೆಸಿಕೊಳ್ಳುತ್ತ ಬಟ್ಟಲು ನೆಕ್ಕಿದಳು.

ರಾಜ ಕಾವಲುಗಾರನ ಕತ್ತಿಯನ್ನು ಕಿತ್ತು ಎಸೆದ. ಕೆಂಚಿಯ ಕೈ ಹಿಡಿದು “ತಪ್ಪಾಯಿತು ಮಗಳೇ” ಅಂತ ಕಣ್ಣಿಗೊತ್ತಿಕೊಂಡ. ಹಿಪ್ಪಲಿ ತಿಕ್ಕಿದ ಕೈಯಲ್ಲವೇ, ಕಣ್ಣು ಭಗಭಗ ಉರಿದು ಧಾರಾಕಾರ ನೀರು ಸುರಿಯಿತು. ಎಷ್ಟು ಉರಿಗೆ, ಎಷ್ಟು ಸಂತೋಷಕ್ಕೆ ಅಂತ ಅವನೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಹಳೆಯ ಡಂಗುರ ಅವತ್ತೇ ರದ್ದಾಯಿತು.

ಡೊಳ್ಳೇಶ ಆಮೇಲೆ ಹೊಲ ಅಗೆದು, ಬೆವರು ಸುರಿಸಿ, ಮುದ್ದೆ ಉಂಡು ಸುಖವಾಗಿದ್ದ. ಜೇನುಗಿರಿಯಲ್ಲಿ ಇವತ್ತಿಗೂ ಹಸಿವೆಬ್ಬಿಸಲು ಅನ್ನಕ್ಕೆ ಮೊದಲು ಎಲೆಯ ತುದಿಗೆ, ಉಪ್ಪು ನಿಂಬೆರಸ ಸವರಿದ ಒಂದು ಚೂರು ಹಸಿಶುಂಠಿ ಬಡಿಸುತ್ತಾರೆ. ಅದಕ್ಕೆ ಕೆಂಚಿಯ ಪಾಲು ಅಂತ ಹೆಸರು. ಅಲ್ಲಿ ಎಲ್ಲರೂ ಹೊಟ್ಟೆ ತುಂಬ ಉಂಡು ಚೆನ್ನಾಗಿದ್ದಾರೆ. ನಡೀರಿ, ನಮಗೂ ಎಲೆ ಹಾಕಿದ್ದಾರೆ.