ಮಂಡಿಮಟ್ಟದ ನೀರಿನಲ್ಲಿ

ಹೆಂಡತಿಗೆ ಹೆದರುವ ಗಂಡಸರನ್ನು ಕಂಡರೆ ನನಗೆ ನಗು. ಮುಕುಂದನನ್ನು ಮೊದಲ ಸಲ ನೋಡಿದಾಗ ಅದಕ್ಕೇ ನಕ್ಕಿದ್ದೆ.

2009ರ ಫೆಬ್ರವರಿ. ವಾರವಿಡೀ ನಾನು ವುಡ್‌ಬ್ರಿಡ್ಜ್‌ನ ಒಂದು ಕ್ಲಿನಿಕ್ಕಿನಲ್ಲಿ ಫಿಸಿಕಲ್ ಥೆರಪಿಸ್ಟ್. ಶನಿವಾರ ಮಾತ್ರ ಐಸೆಲಿನ್‌ನಲ್ಲಿ ನಳಿನಾಕ್ಷಿ ಆಂಟಿಯ ಸೀರೆ ಅಂಗಡಿಯಲ್ಲಿ ಕೈಜೋಡಿಸುತ್ತಿದ್ದೆ. ಅವನು ಬಂದು ಹಸಿರು ರೇಷ್ಮೆ ದಾರ ಕೇಳಿದ. ಏಳು ಬಗೆಯ ಹಸಿರು ತೋರಿಸಿದೆ. ಒಂದೊಂದನ್ನೂ ಕಿಟಕಿಯ ಬೆಳಕಿಗೆ ಹಿಡಿದು ನೋಡಿದ.

"ಸ್ವಲ್ಪ ನೀರು ಸಿಗ್ತದೇನ್ರಿ? ತೊಯ್ದ ಮ್ಯಾಲೆ ಬಣ್ಣ ಹೆಂಗ ಕಾಣ್ತದ ನೋಡಬೇಕಿತ್ತು."

ಮುಂದಿನ ಶನಿವಾರ ಕಂದು ಬಣ್ಣ. ಅದರ ಮುಂದಿನ ಶನಿವಾರ ಬೂದು. "ಶರ್ವಾಣಿ, ನಿನ್ನ ಗಿರಾಕಿ ಬಂದ ನೋಡು," ಎಂದು ಆಂಟಿ ಒಳಗಿನಿಂದಲೇ ಕೀಟಲೆ ಮಾಡಿದರು. ನನ್ನ ತಾಳ್ಮೆ ಮುಗಿಯಿತು.

"ನಿಮ್ಮ ಮಿಸೆಸ್‌ನೇ ಕರ್ಕೊಂಡು ಬನ್ನಿ. ಅವರ ಟೇಸ್ಟ್ ನಿಮಗೆ ಅರ್ಥ ಆಗ್ತಿಲ್ಲ."

"ಮಿಸೆಸ್ ಇಲ್ರಿ." ಅವನ ಕಿವಿ ಕೆಂಪಾಗಿತ್ತು. "ಇದು ಟ್ರೌಟ್ ಮೀನಿಗೆ."

ಜೇಬಿನಿಂದ ಪುಟ್ಟ ಡಬ್ಬಿ ತೆಗೆದ. ಒಳಗೆ, ನಮ್ಮದೇ ಅಂಗಡಿಯ ದಾರವನ್ನು ಗರಿಯ ಚೂರುಗಳ ಜೊತೆ ಕೊಕ್ಕೆಗೆ ಸುತ್ತಿ ಮಾಡಿದ ನೊಣಗಳು. ನಿಜವಾದ ಹುಳವೆಂದು ನಂಬಿ ಮೀನು ಬಾಯಿ ಹಾಕಬೇಕಂತೆ.

"ಧಾರವಾಡದವರ ಹಾಗಿದ್ದೀರಿ. ಮೀನು ತಿಂತೀರಾ?"

"ಏ, ಇಲ್ರಿ! ಹಿಡಿದು, ನೋಡಿ, ಬಿಟ್ಟುಬಿಡೂದು."

"ಬಿಡೋದಕ್ಕೆ ಹಿಡಿಯೋದು ಯಾಕೆ?"

"ಒಂದ್ಸಲ ಬಂದು ನೋಡ್ರಿ. ಆಮ್ಯಾಲೆ ಬೈರಿ."

ಬೈಯಲೆಂದೇ ಹೋದೆ. ರಾರಿಟನ್ ನದಿಯ ದಕ್ಷಿಣ ಕವಲು, ಸಣ್ಣ ಹೊಳೆ, ಕೊರೆಯುವ ನೀರು. ಮೀನು ಸಿಕ್ಕಾಗ ಮುಕುಂದ ಮೊದಲು ಎರಡೂ ಕೈಗಳನ್ನು ಆ ನೀರಿನಲ್ಲಿ ಅದ್ದಿದ. ಒಣಗಿದ ಕೈ ತಾಗಿದರೆ ಮೀನಿನ ಮೈಗೆ ಗಾಯವಾಗುತ್ತದೆ ಎಂದ. ಅವನ ಬೆರಳುಗಳು ಚಳಿಗೆ ನೀಲಿಯಾಗಿದ್ದವು. ಸುತ್ತಿ ಬಳಸಿ ಯಾಕೆ ಹೇಳಲಿ, ನನಗೆ ಅವನ ಮೇಲೆ ಪ್ರೀತಿಯಾದದ್ದು ಆಗಲೇ.

ಮ್ಯಾನ್‌ಹಟನ್‌ನಲ್ಲಿ ಅವನಿದ್ದ ಬ್ಯಾಂಕು ಅರ್ಧ ಫ್ಲೋರ್ ಖಾಲಿ ಮಾಡಿಸಿತ್ತು. ಮಾರ್ಚ್ ಕೊನೆಗೆ ಅವನ ಕೆಲಸವೂ ಹೋಯಿತು. ಭಾನುವಾರಗಳಂದು ಇಬ್ಬರೂ ಹೊಳೆಗೆ ಹೋದಾಗ ಅವನು ಆ ಮಾತೆತ್ತುತ್ತಿರಲಿಲ್ಲ, ನಾನೂ ಕೇಳುತ್ತಿರಲಿಲ್ಲ. ಬಾಕಿ ಎಲ್ಲವನ್ನೂ ಮಾತಾಡುತ್ತಿದ್ದೆವು.

ಏಪ್ರಿಲ್ ಕೊನೆಯ ಭಾನುವಾರ ಡ್ರೈವ್ ಮಾಡುತ್ತಾ ಹೇಳಿದ: "ವಿಸ್ಕಾನ್ಸಿನ್‌ನ್ಯಾಗ ಒಂದು ಸಣ್ಣ ಊರು. ಅಲ್ಲಿ ಕೆಲಸ ಸಿಕ್ಕೇತ್ರಿ. ವೀಸಾ ಟ್ರಾನ್ಸ್‌ಫರ್ ಮಾಡ್ತಾರ. ಬುಧವಾರ ಹೊರಡಬೇಕು. ಅಲ್ಲೂ ಒಂದು ಟ್ರೌಟ್ ಹೊಳಿ ಅದ ಅಂತ."

ಹೊಳೆಯ ಬಗ್ಗೆ ಹತ್ತು ನಿಮಿಷ ಮಾತಾಡಿದ. ನನ್ನ ಬಗ್ಗೆ ಒಂದು ಮಾತಿಲ್ಲ. "ಕಂಗ್ರಾಟ್ಸ್," ಎಂದೆ.

ಹೊಳೆ ತಲುಪಿದಾಗ, ಈಚೆ ದಡದಲ್ಲಿ ಜನ ಜಾಸ್ತಿ, ಆಚೆ ದಾಟೋಣ ಎಂದ. ಅವನ ರೂಮ್‌ಮೇಟ್ ರಾಜ್ ನೀರಿಗಿಳಿಯುವಾಗ ಹಾಕಿಕೊಳ್ಳುವ ರಬ್ಬರ್ ಪ್ಯಾಂಟು ನನಗೆ. ಅದರಲ್ಲಿ ನನ್ನಂಥವರು ಇಬ್ಬರು ಹಿಡಿಸುತ್ತಿದ್ದರು. ತೋಳಿಗೆ ತೋಳು ಸೇರಿಸಿ ನೀರಿಗಿಳಿದೆವು.

"ಒಬ್ಬರು ಹೆಜ್ಜಿ ಇಟ್ಟಾಗ ಇನ್ನೊಬ್ಬರು ಗಟ್ಟಿ ನಿಂತಿರಬೇಕ್ರಿ. ಇಬ್ಬರೂ ಒಮ್ಮೆಲೆ ಕಾಲೆತ್ತಿದ್ರ ಇಬ್ಬರೂ ಬೀಳ್ತೀವಿ."

ಅವನು, ನಾನು, ಅವನು. ನಡುಹೊಳೆಗೆ ಬಂದಾಗ ನನ್ನ ಸರದಿ. ನಾನು ಕಾಲೆತ್ತಲಿಲ್ಲ.

"ನಿಮ್ಮ ಪಾಳಿ ರೀ."

"ಗೊತ್ತು. ಬುಧವಾರ ಹೋಗ್ತೀರಿ. ನನ್ನನ್ನ ಏನೂ ಕೇಳೋದಿಲ್ವಾ?"

ಅವನು ನೀರನ್ನೇ ನೋಡಿದ. "ಏನಂತ ಕೇಳ್ಲಿ? ಒಂದು ವರ್ಷದ ಕಾಂಟ್ರ್ಯಾಕ್ಟ್. ಆಮ್ಯಾಲೆ ಕೆಲಸ ಇರ್ತದೋ ಇಲ್ಲೋ. ಇಂಥಾ ಹೊತ್ತಿನ್ಯಾಗ ನಿಮ್ಮನ್ನ ಹೆಂಗ..."

"ಹಿಡಿದು, ನೋಡಿ, ಬಿಟ್ಟುಬಿಡೋದು. ಅಷ್ಟೇ ತಾನೆ?"

"ಹಂಗನ್ನಬ್ಯಾಡ್ರಿ." ನನ್ನ ತೋಳನ್ನು ನೋಯುವಷ್ಟು ಬಿಗಿಯಾಗಿ ಹಿಡಿದ.

ನಾನು ಅಳುತ್ತಿದ್ದೆ, ಜೊತೆಗೆ ಸಿಟ್ಟೂ ಬಂದಿತ್ತು. "ವಿಸ್ಕಾನ್ಸಿನ್‌ನಲ್ಲಿ ಯಾರಿಗೂ ಮಂಡಿ ನೋಯಲ್ವಾ? ನನಗೆ ಎಲ್ಲಿ ಹೋದ್ರೂ ಕೆಲಸ ಸಿಗುತ್ತೆ. ನಿಮ್ಮ ಕಾಲು ಊರೋವರೆಗೂ ನಾನು ಗಟ್ಟಿ ನಿಂತಿರ್ತೀನಿ. ನೀವೇ ತಾನೆ ಈಗ ಹೇಳಿಕೊಟ್ಟಿದ್ದು?"

ದಡದಿಂದ ಒಬ್ಬ ಮುದುಕ ಗಾಳದ ಕೋಲು ಎತ್ತಿ ಕೂಗಿದ: "ಆರ್ ಯು ಫೋಕ್ಸ್ ಓಕೆ?"

"ಒನ್ ಮಿನಿಟ್, ಸರ್!" ಎಂದು ಮುಕುಂದ ಕೂಗಿ ಹೇಳಿ, ನನ್ನ ಕಡೆ ತಿರುಗಿದ. ಅವನ ರೆಪ್ಪೆಗಳು ಒದ್ದೆಯಾಗಿದ್ದವು. "ಶರ್ವಾಣಿ, ಬರ್ತೀಯೇನು ನನ್ನ ಜೋಡಿ? ಇಷ್ಟು ದಿನ ಕೇಳೂ ಧೈರ್ಯ ಆಗಲಿಲ್ಲ."

"ಬರ್ತೀನಿ," ಎಂದು ಕಾಲೆತ್ತಿದೆ.

ಆ ಖುಷಿಯಲ್ಲಿ ಅವನು ಗಟ್ಟಿ ನಿಲ್ಲಬೇಕೆನ್ನುವುದನ್ನೇ ಮರೆತು ತಾನೂ ಕಾಲೆತ್ತಿದ. ಇಬ್ಬರೂ ಧೊಪ್ಪೆಂದು ನೀರಿನಲ್ಲಿ ಕೂತೆವು. ರಾಜ್‌ನ ಪ್ಯಾಂಟಿನ ತುಂಬ ರಾರಿಟನ್. ಮುದುಕ ಗಾಬರಿಯಿಂದ ಓಡಿ ಬರುತ್ತಿದ್ದ. ನಾವಿಬ್ಬರೂ ಹಲ್ಲು ಕಡಕಡಿಸುತ್ತಾ, ನಗುತ್ತಾ ಅಲ್ಲೇ ಕೂತಿದ್ದೆವು. ಅವನು ನನ್ನ ತೋಳು ಬಿಟ್ಟಿರಲಿಲ್ಲ.