ಎರಡು ರಾತ್ರಿಗಿಂತ ಹೆಚ್ಚು ಬೇಡ

"ಎಷ್ಟು ದಿನ ಇರ್ತೀರಾ?"

ಬಾಗಿಲು ತೆರೆದ ಗಂಡಸು ಮೊದಲು ಕೇಳಿದ್ದೇ ಅದನ್ನು. ಒಂದು ಸಲಾಮಿಲ್ಲ, ಒಳಗೆ ಬನ್ನಿ ಎಂಬ ಮಾತಿಲ್ಲ. ಬೆಟ್ಟದೂರು ಶಾವೆನ್‌ನ ಮೆಟ್ಟಿಲುಗಳನ್ನೆಲ್ಲ ಹತ್ತಿ ಬಂದು ಏದುಸಿರು ಬಿಡುತ್ತಿದ್ದ ಬತೂಲ್‌ಗೆ ಕೆನ್ನೆಗೆ ಹೊಡೆದಂತಾಯಿತು.

ಮೂರು ದಿನಗಳ ಹಿಂದೆ ಕಾಸಾಬ್ಲಾಂಕಾದಲ್ಲಿ, ಅಕ್ಕ ನಜಾತ್‌ಳ ಮನೆಯಲ್ಲಿ ಅವಳು ಇದೇ ಪ್ರಶ್ನೆಯನ್ನು ಗೋಡೆಯಾಚೆಯಿಂದ ಕೇಳಿಸಿಕೊಂಡಿದ್ದಳು. ನಿನ್ನ ತಂಗಿ ಇನ್ನೂ ಎಷ್ಟು ದಿನ ಇಲ್ಲೇ ಇರ್ತಾಳೆ ಎಂದು ಭಾವ ಕೇಳಿದ್ದ. ಸಿಟ್ಟಿನಿಂದಲ್ಲ, ಮೆಲ್ಲಗೆ. ಅಕ್ಕ ಏನೂ ಹೇಳಲಿಲ್ಲ. ಬತೂಲ್‌ಗೆ ಚುಚ್ಚಿದ್ದು ಭಾವನ ಮಾತಲ್ಲ, ಅಕ್ಕನ ಆ ಮೌನ.

ಅಪ್ಪ ತೀರಿಕೊಂಡ ಮೇಲೆ ಏಳು ವರ್ಷ ಅವಳು ಆ ಮನೆಯಲ್ಲಿ ಕಳೆದಿದ್ದಳು. ಮದುವಣಗಿತ್ತಿಯರ ಕಫ್ತಾನ್ ನಿಲುವಂಗಿಗಳಿಗೆ ರೇಷ್ಮೆಯ ಅಂಚು ಹೆಣೆಯುವುದು ಅವಳ ಕಸುಬು. ಎಲ್ಲಿ ಕೂತರೂ ಮಾಡಬಹುದಾದ ಕೆಲಸ. ಆದರೆ ಕೂರುವುದೆಲ್ಲಿ? ಮೂವತ್ತೆರಡು ವರ್ಷದ ಹೆಂಗಸಿಗೆ ತನ್ನದೆನ್ನುವ ಒಂದು ಮೂಲೆಯೂ ಇರಲಿಲ್ಲ. ನಾಲ್ಕು ದಿನ ಬೆಟ್ಟದೂರಿಗೆ ಹೋಗಿಬರುತ್ತೇನೆಂದು ನೂಲಿನ ಚೀಲ ಹೆಗಲಿಗೇರಿಸಿ ಹೊರಟುಬಿಟ್ಟಿದ್ದಳು.

"ಇನ್ನೂ ಯೋಚಿಸಿಲ್ಲ," ಎಂದಳು.

"ಈ ಊರಿಗೆ ಎರಡು ರಾತ್ರಿ ಸಾಕು ಲಲ್ಲಾ. ನಮ್ಮಲ್ಲಿ ಅದಕ್ಕಿಂತ ಹೆಚ್ಚಿಗೆ ಯಾರನ್ನೂ ಇರಿಸ್ಕೊಳ್ಳಲ್ಲ."

ಹೆಂಗಸರಿಗೆ ಗೌರವದಿಂದ ಲಲ್ಲಾ ಎನ್ನುತ್ತಲೇ ಅತಿಥಿಗಳನ್ನು ಓಡಿಸುವ ಅತಿಥಿಗೃಹದವನನ್ನು ಅವಳು ಅದೇ ಮೊದಲು ನೋಡಿದ್ದು. ಹೆಸರು ಅಯ್ಯಾದ್. ನಲವತ್ತರ ಹತ್ತಿರದವನು, ಮಾತು ಕಡಿಮೆ. ಆ ಮನೆಯಲ್ಲಿ ಐದು ಕೋಣೆ, ಒಂದು ತಾರಸಿ, ಮತ್ತು ಅವನ ತಾಯಿ ಲಲ್ಲಾ ತಾಮು.

ಮಗನಲ್ಲಿ ಇಲ್ಲದ ಮಾತೆಲ್ಲ ತಾಯಿಯ ಬಳಿ ಇತ್ತು. ಮರುದಿನ ಬೆಳಿಗ್ಗೆಯೇ ಬತೂಲ್‌ಳನ್ನು ಅಡುಗೆಕೋಣೆಗೆ ಕರೆದು, ಬಿಸಿ ಬಿಸಿ ಬಿಸಾರ ಗಂಜಿಗೆ ಧಾರಾಳವಾಗಿ ಆಲಿವ್ ಎಣ್ಣೆ ಸುರಿದು, ಎದುರು ಕೂತು ತಿನ್ನಿಸಿದಳು. ಅವಳ ಕಸುಬು ಏನೆಂದು ತಿಳಿದದ್ದೇ ತಡ, ಪೆಟ್ಟಿಗೆಯಿಂದ ತನ್ನ ಮದುವೆಯ ಕಫ್ತಾನ್ ತೆಗೆದಳು. ಅಂಚೆಲ್ಲ ನವೆದು ಹೋಗಿತ್ತು.

"ಇದನ್ನ ಸರಿಮಾಡಿ ಕೊಟ್ಟೇ ಹೋಗ್ಬೇಕು ನೀನು. ನಾನು ಸತ್ಮೇಲೆ ಯಾರು ತೊಡ್ತಾರೋ ಗೊತ್ತಿಲ್ಲ, ಇರೋವಾಗ ನಾನೇ ಒಂದ್ಸಲ ತೊಟ್ಕೋತೀನಿ."

ಅದು ವಾರದ ಕೆಲಸ. ಅಯ್ಯಾದ್ ಮುಖ ಗಂಟಿಕ್ಕಿಕೊಂಡ. ತಾಯಿಗೆ ಎದುರಾಡಲಿಲ್ಲ.

ಆ ಹಳೆಯ ಬಗೆಯ ಅಂಚು ಹೆಣೆಯಲು ಒಬ್ಬರು ಹೊಲಿಯಬೇಕು, ಇನ್ನೊಬ್ಬರು ಹತ್ತು ಹೆಜ್ಜೆ ದೂರ ನಿಂತು ಎಳೆಗಳನ್ನು ಬೆರಳಿಗೆ ಸಿಕ್ಕಿಸಿಕೊಂಡು ಅದಲು ಬದಲು ಮಾಡುತ್ತಿರಬೇಕು. ಲಲ್ಲಾ ತಾಮುವಿನ ಬೆರಳು ಸಂಧಿವಾತದಿಂದ ಬಗ್ಗುತ್ತಿರಲಿಲ್ಲ. ಮೊದಲ ಮಧ್ಯಾಹ್ನ ಬತೂಲ್ ಎಳೆಗಳನ್ನು ಗೂಟಕ್ಕೆ ಕಟ್ಟಿ ಒದ್ದಾಡುತ್ತಿದ್ದಾಗ ಅಯ್ಯಾದ್ ತಾರಸಿಗೆ ಬಂದ. ಎಳೆಗಳನ್ನು ಗೂಟದಿಂದ ಬಿಚ್ಚಿ ಬೆರಳಿಗೆ ಹಾಕಿಕೊಂಡ.

"ಅಭ್ಯಾಸ ಇದೆಯಾ?" ಎಂದು ಅವಳು ಅಚ್ಚರಿಯಿಂದ ಕೇಳಿದಳು.

ಚಿಕ್ಕವನಿದ್ದಾಗ ದರ್ಜಿ ಮಾವನ ಅಂಗಡಿಯಲ್ಲಿ ಇದೇ ಕೆಲಸ ಮಾಡುತ್ತಿದ್ದೆ ಎಂದ.

ಆಮೇಲೆ ದಿನವೂ ಹಾಗೆಯೇ. ಅವಳು ಸೂಜಿ ಎಳೆದರೆ ಅವನು ಎಳೆ ದಾಟಿಸುತ್ತಿದ್ದ. ಮೂರನೇ ದಿನಕ್ಕೆ ಹೇಳುವ ಅಗತ್ಯವೇ ಬೀಳಲಿಲ್ಲ. ಅವಳ ಕೈ ಏಳುವ ಮೊದಲೇ ಅವನ ಬೆರಳು ತಿರುಗಿರುತ್ತಿತ್ತು. ಒಮ್ಮೊಮ್ಮೆ ತಲೆಯೆತ್ತಿದಾಗ ಅವನು ತನ್ನನ್ನೇ ನೋಡುತ್ತಿರುವುದು ಕಂಡು ಅವಳಿಗೆ ಹೊಲಿಗೆ ತಪ್ಪುತ್ತಿತ್ತು...

ನನಗೇನಾಗುತ್ತಿದೆ? ನಾಲ್ಕು ದಿನದ ಊರು, ಯಾರದೋ ಮನೆ...

ಎಂಟನೇ ದಿನ ಕಡೆಯ ಅಂಚು ಮುಗಿಯಿತು. ದಾರ ಕತ್ತರಿಸಿದಳು. ಅಯ್ಯಾದ್ ಕೈ ಕೆಳಗಿಳಿಸಿ, ಬೆಟ್ಟದ ಕಡೆ ತಿರುಗಿ ಹೇಳಿದ.

"ನಾಳೆ ಬೆಳಗಿನ ಬಸ್ಸಿಗೆ ನಿಮಗೆ ಸೀಟು ಹಿಡಿಸಿದೀನಿ."

ಬತೂಲ್ ಸೂಜಿಯನ್ನು ಡಬ್ಬಿಗೆ ಹಾಕಿ ಮುಚ್ಚಿದಳು. ಕಣ್ಣು ತುಂಬಿದ್ದು ಅವನಿಗೆ ಕಾಣದಿರಲೆಂದು ಬಹಳ ಹೊತ್ತು ಡಬ್ಬಿಯನ್ನೇ ನೋಡುತ್ತ ಕೂತಳು. ಇಲ್ಲಿಯೂ ನಾನು ಹೆಚ್ಚಾದೆ. ಇಲ್ಲಿಯೂ ಯಾರೋ ನನ್ನ ದಿನ ಎಣಿಸುತ್ತಿದ್ದರು.

ಬೆಳಿಗ್ಗೆ ಬೀಳ್ಕೊಳ್ಳಲು ಹೋದಾಗ ಲಲ್ಲಾ ತಾಮು ಪೆಟ್ಟಿಗೆಯ ಮುಂದೆ ಕೂತಿದ್ದಳು. ಒಳಗೆ ಮೂರು ಹೊಸ ಬಟ್ಟೆಗಳು ಮಡಿಚಿಟ್ಟಂತೆಯೇ ಇದ್ದವು. ಇಲ್ಹಾಮ್‌ಗೆ ಅಂತ ಇಟ್ಟಿದ್ದು ಎಂದಳು. ರಬಾತ್‌ನಿಂದ ಓದಲು ಬಂದ ಹುಡುಗಿ, ಮೂರು ತಿಂಗಳು ಇಲ್ಲೇ ಇದ್ದಳಂತೆ. ಯೆಮ್ಮಾ ಯೆಮ್ಮಾ ಎಂದು ಬೆನ್ನ ಹಿಂದೆಯೇ ತಿರುಗುತ್ತಿದ್ದಳಂತೆ. ಹಬ್ಬಕ್ಕೆ ಬರುತ್ತೇನೆಂದು ಹೇಳಿ ಹೋದಳು. ಮೂರು ಹಬ್ಬ ಆಯಿತು.

"ಬರ್ತಾಳೆ ಬಿಡು, ಓದು ಜಾಸ್ತಿ ಇರ್ಬೇಕು. ಮೊದಲ ಹಬ್ಬದ ದಿನ ನಾನು ಸಂಜೆವರೆಗೂ ಊಟ ಮಾಡ್ಲಿಲ್ಲ ಅಂತ ಅಯ್ಯಾದ್ ನನ್ನ ಮೇಲೇ ರೇಗಿದ್ದ."

ಬತೂಲ್‌ಗೆ ಆಗ ಅರ್ಥವಾಯಿತು. ಎರಡು ರಾತ್ರಿಯ ಲೆಕ್ಕ ಅವನು ಹಾಕಿದ್ದು ಮುದುಕಿಯ ಎದೆ ಮತ್ತೆ ಒಡೆಯದಿರಲೆಂದು. ಸಿಟ್ಟು ಇಳಿಯಿತು. ಅದರ ಜಾಗದಲ್ಲಿ ಇನ್ನೂ ಭಾರವಾದ ಯೋಚನೆ ಬಂದು ಕೂತಿತು. ಎಂಟು ದಿನ ಇದ್ದು ನಾನೂ ಅದೇ ತಪ್ಪು ಮಾಡಿದೆನಲ್ಲ! ಇನ್ನು ಒಂದು ತಿಂಗಳಿದ್ದು ಹೋದರೆ ಅದು ಎಂಟು ದಿನಕ್ಕಿಂತ ಕ್ರೂರ. ಇದ್ದರೆ ಇರಬೇಕು, ಹೋದರೆ ಈಗಲೇ ಹೋಗಬೇಕು.

ಬಸ್ ನಿಲ್ದಾಣದವರೆಗೆ ಅಯ್ಯಾದ್ ಅವಳ ಚೀಲ ಹೊತ್ತು ತಂದ. ಬಸ್ಸಿನ ಎಂಜಿನ್ ಆಗಲೇ ಗುರುಗುಡುತ್ತಿತ್ತು.

"ನನ್ನನ್ನ ಕಳಿಸ್ತಿರೋದು ಯೆಮ್ಮನಿಗೋಸ್ಕರಾನಾ?" ಎಂದು ಕೇಳಿದಳು.

"ಹೌದು," ಎಂದ ಅವನು, ಅವಳ ಮುಖ ನೋಡದೆ.

ಅವಳು ಚೀಲಕ್ಕೆ ಕೈಚಾಚಿದಳು. ಹತ್ತುತ್ತಾಳೆಂದು ಅವನು ಬಾಗಿಲಿನಿಂದ ಸರಿದು ನಿಂತ. ಅವಳು ಹತ್ತಲಿಲ್ಲ. ಕೆಳಗಿನ ಕೇರಿಯಲ್ಲಿ ಒಬ್ಬ ವಿಧವೆ ಕೋಣೆ ಬಾಡಿಗೆಗೆ ಕೊಡುತ್ತಾಳೆಂದು ಲಲ್ಲಾ ತಾಮು ಹೇಳಿದ್ದಾಳೆ, ಅಲ್ಲಿಗೆ ಹೋಗುತ್ತೇನೆ ಎಂದಳು.

"ನಿಮ್ಮನೇಲಿ ಅಲ್ಲ. ಅಕ್ಕನ ಮನೇಲೂ ಅಲ್ಲ. ನನ್ನ ಬಾಗಿಲಿಗೆ ನಾನೇ ಚಿಲಕ ಹಾಕ್ಕೊಂಡು ಇರ್ತೀನಿ."

ಬಸ್ಸು ಒಂದು ಸೀಟು ಖಾಲಿಯಾಗಿ ಹೊರಟಿತು.

ಅಕ್ಕನಿಗೆ ಫೋನ್ ಮಾಡಿದಾಗ ಅವಳು ಅತ್ತಳು. ಬತೂಲ್ ಅಳಲಿಲ್ಲ. ನಿನ್ನ ಮೇಲೆ ಸಿಟ್ಟಿಲ್ಲ ನಜಾತ್, ರಜೆಗೆ ಮಕ್ಕಳನ್ನು ಕರ್ಕೊಂಡು ಬಾ ಎಂದಳು. ಕರೆಯಲು ತನಗೂ ಒಂದು ಮನೆಯಿದೆ ಎಂಬುದು ಆಡಿದ ಮೇಲೆಯೇ ಅವಳಿಗೆ ಹೊಳೆದದ್ದು.

ಕೋಣೆ ಚಿಕ್ಕದು, ಬೆಳಕು ಚೆನ್ನಾಗಿತ್ತು. ಊರಿನ ದರ್ಜಿಗಳಿಂದ ಕೆಲಸ ಬರತೊಡಗಿತು. ದಿನವೂ ಮಧ್ಯಾಹ್ನ ಮೆಟ್ಟಿಲು ಹತ್ತಿ ಹೋಗಿ ಲಲ್ಲಾ ತಾಮು ಜೊತೆ ಚಹಾ ಕುಡಿದು ಬರುತ್ತಿದ್ದಳು. ಅಯ್ಯಾದ್ ಸಿಕ್ಕರೆ ಸಲಾಮು ಹೇಳುತ್ತಿದ್ದ, ಅಷ್ಟೇ. ಹೀಗೆ ಎರಡು ತಿಂಗಳು. ಕಾಯಬಾರದು ಎಂದುಕೊಳ್ಳುತ್ತಲೇ ಅವಳು ಕಾದಳು.

ಬೇಲಿಯ ಅಂಜೂರ ಚಿಗುರಿದ ದಿನಗಳಲ್ಲಿ ಒಂದು ಸಂಜೆ ಅವನು ಅವಳ ಬಾಗಿಲು ತಟ್ಟಿದ.

"ಬರಿಗೈಯಲ್ಲಿ ಬಂದಿದೀನಿ ಲಲ್ಲಾ ಬತೂಲ್. ಏನಾದ್ರೂ ತಂದಿದ್ರೆ ಅದನ್ನ ಕೊಟ್ಟು ಓಡಿಹೋಗ್ಬಿಡ್ತಿದ್ದೆ."

ಅವಳು ಬಾಗಿಲನ್ನು ಪೂರ್ತಿ ತೆರೆದಿಟ್ಟು, ಚಾಪೆ ಹಾಸಿ, ಚಹಾ ಸುರಿದಳು. ಮನೆಯೊಡತಿ ಅಂಗಳದಲ್ಲೇ ಪುದೀನ ಸೋಸುತ್ತ ಕೂತಿದ್ದಳು. ಅವನು ಲೋಟ ಮುಟ್ಟಲಿಲ್ಲ.

"ಅವತ್ತು ಯೆಮ್ಮನ ಹೆಸರು ಹೇಳಿದ್ನಲ್ಲ, ಅದು ಅರ್ಧ ಸುಳ್ಳು. ನೀವು ಹೋದ್ರೆ ಅವಳು ಅಳ್ತಾಳೆ ಅನ್ನೋ ಭಯ ಇತ್ತು. ಆದ್ರೆ ಅವಳನ್ನ ಸಮಾಧಾನ ಮಾಡೋಕೆ ನಾನಿದ್ದೆ. ನನ್ನನ್ನ ಸಮಾಧಾನ ಮಾಡೋಕೆ ಯಾರೂ ಇರ್ಲಿಲ್ಲ."

ಬತೂಲ್ ಚಹಾದ ಪಾತ್ರೆ ಕೆಳಗಿಟ್ಟಳು. "ಹಾಗಿದ್ರೆ ಎರಡು ತಿಂಗಳು ಈ ಕಡೆ ತಲೆ ಹಾಕ್ಲಿಲ್ಲ ಯಾಕೆ?"

"ನಾನು ಮೊದಲೇ ಕೇಳಿದ್ರೆ ನಮ್ಮನೇಲೂ ನೀವು ಅತಿಥಿ ಆಗಿಬಿಡ್ತಿದ್ರಿ. ಈ ಊರು ನಿಮ್ಮದಾಗ್ಲಿ ಅಂತ ಕಾದೆ. ಕಾಯೋದು ಸುಲಭ ಆಗಿರ್ಲಿಲ್ಲ."

ಅವಳು ಸುತ್ತ ಒಮ್ಮೆ ನೋಡಿ, ಈ ಕೋಣೆಯನ್ನು ಬಿಡುವುದಿಲ್ಲ, ನನ್ನ ಕೆಲಸ ಇಲ್ಲೇ ನಡೆಯಬೇಕು ಎಂದಳು. ಬಿಡುವುದು ಬೇಡ ಎಂದ ಅವನು.

"ಇನ್ನೂ 'ನೀವು', 'ಲಲ್ಲಾ' ಅಂತಾನೇ ಮಾತಾಡ್ತೀರಾ?"

"ಮತ್ತೆ ಹೇಗೆ ಕರೀಲಿ?"

ಅವಳು ಅವನ ಮುಖವನ್ನೇ ನೋಡಿದಳು. ಅವನ ಕಿವಿ ಕೆಂಪಾಯಿತು.

"ಬತೂಲ್... ನೀನು ನನ್ನ ಮದುವೆ ಆಗ್ತೀಯಾ?"

"ಆಗ್ತೀನಿ," ಎಂದಳು ಅವಳು. ಕಣ್ಣೀರು ಇಳಿಯುತ್ತಿದ್ದರೂ ಒರೆಸಿಕೊಳ್ಳದೆ ಲೋಟವನ್ನು ಅವನ ಮುಂದಕ್ಕೆ ಸರಿಸಿದಳು. "ಮೊದಲು ನೀನು ಚಹಾ ಕುಡಿ, ಅಯ್ಯಾದ್. ಆರಿಹೋಗ್ತಿದೆ."