ಒಂದು ಕೋಣಕ್ಕೆ ಎರಡು ಹಗ್ಗ

"ಟೀಚರ್, ನೀವು ಈಗಲೇ ಬರ್ಬೇಕು. ಇವತ್ತು ಅಪ್ಪನನ್ನು ಓಡ್ಲಿಕ್ಕೆ ಬಿಡುವುದಿಲ್ಲ ಅಂತ ಹೇಳ್ತಿದ್ದಾರೆ. ನಾನು ಮೋಸ ಮಾಡಿದ್ದೇನಂತೆ!"

ಪುಂಜಾಲಕಟ್ಟೆಯ ನನ್ನ ಮೊಬೈಲ್ ಅಂಗಡಿಯ ಎದುರು ಸ್ಕೂಟರ್ ನಿಲ್ಲಿಸಿ ಅಷ್ಟು ಹೇಳುವಷ್ಟರಲ್ಲಿ ಸುರಕ್ಷಾ ಅತ್ತೇಬಿಟ್ಟಳು. ಒಳಗೆ ಪೇಪರ್ ಓದುತ್ತಿದ್ದ ಪ್ರೇಮಾವತಿ ಟೀಚರ್ ಕನ್ನಡಕ ತೆಗೆದರು. ಮೂಡುಬಿದಿರೆಯ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡಿ ನಿವೃತ್ತರಾದವರು ಅವರು. ಊರಿನಲ್ಲಿ ಏನು ಕಳೆದರೂ, ಯಾರು ಯಾರಿಗೆ ಟೋಪಿ ಹಾಕಿದರೂ ಜನ ಪೊಲೀಸರಿಗಿಂತ ಮೊದಲು ನನ್ನ ಅಂಗಡಿಗೆ ಬಂದು ಅವರನ್ನು ಕೇಳುತ್ತಾರೆ. ಅಬ್ದುಲ್ ಹಕೀಂ ಎಂಬ ನನ್ನನ್ನು ಟೀಚರ ಬಾಲ ಎಂದು ತಮಾಷೆ ಮಾಡುವವರಿದ್ದಾರೆ. ಮಾಡಲಿ, ನನಗೇನೂ ಬೇಸರವಿಲ್ಲ.

ನನ್ನ ಓಮ್ನಿಯಲ್ಲಿ ವಾಮದಪದವಿನ ಕಡೆ ಹೊರಟೆವು. ಅಲ್ಲಿ ಅಂದು ಕಂಬಳ. ದಾರಿಯಲ್ಲಿ ಸುರಕ್ಷಾ ವಿಷಯ ಹೇಳಿದಳು. ಕಂಬಳದ ಜೋಡಿಗಳನ್ನು ದಾಖಲಿಸುವ ಪ್ರೋಗ್ರಾಂ ಬರೆದದ್ದು ಅವಳು ಮತ್ತು ಅವಳ ಸಹಪಾಠಿ ಮನೀಷ್. ನರಿಕೊಂಬಿನ ನಿತ್ಯಾನಂದರ ಎಳೆಯ ಕೋಣಗಳನ್ನು ಹಲ್ಲು ನೋಡಿ ವಯಸ್ಸು ಅಂದಾಜಿಸಿ 'ನೇಗಿಲು ಕಿರಿಯ' ವಿಭಾಗಕ್ಕೆ ಸೇರಿಸಿದ್ದರು. ಬೆಳಿಗ್ಗೆ ಪರದೆಯಲ್ಲಿ ನೋಡಿದರೆ ಅವು 'ನೇಗಿಲು ಹಿರಿಯ'ಕ್ಕೆ ಹೋಗಿವೆ. ಬಲಿತ ಕೋಣಗಳ ಎದುರು ಅವು ಗೆಲ್ಲುವ ಮಾತೇ ಇಲ್ಲ. ಬದಲಾವಣೆ ಆದದ್ದು ಸುರಕ್ಷಾಳ ಲಾಗಿನ್‌ನಿಂದ. ಸಾಲದ್ದಕ್ಕೆ ಕಿರಿಯ ವಿಭಾಗದಲ್ಲಿ ನಿತ್ಯಾನಂದರ ಪ್ರತಿಸ್ಪರ್ಧಿ ಕಂಬಳ ಸಮಿತಿಯ ಅಧ್ಯಕ್ಷ ರುಕ್ಮಯ್ಯ. ಈ ರುಕ್ಮಯ್ಯರ ಕೋಣ ಓಡಿಸುವವನು ಸುರಕ್ಷಾಳ ಅಪ್ಪ ದಯಾನಂದ.

"ನಿನ್ನೆ ಸಂಜೆ ನೀನು ಎಂತ ಮಾಡಿದ್ದಿ? ಒಂದೂ ಬಿಡದೆ ಹೇಳು," ಎಂದರು ಟೀಚರ್.

"ಟ್ರಯಲ್ ಮಾತ್ರ ಟೀಚರ್. ಮನೀಷ್ ಎರಡು ಜೋಡಿಯ ನಕಲು ಮಾಡಿ ಕೊಟ್ಟಿದ್ದ. ನಿತ್ಯಾನಂದಣ್ಣಂದು, ರುಕ್ಮಯ್ಯಣ್ಣಂದು. ಇದು ಬರೀ ನಕಲು, ಹೇಗೆ ಬೇಕಾದರೂ ಬದಲಿಸಿ ನೋಡು, ಅಸಲಿಗೆ ಎಂತದೂ ಆಗುವುದಿಲ್ಲ ಅಂದ. ನಾನು ಎರಡನ್ನೂ ಹಿರಿಯಕ್ಕೆ ಹಾಕಿದೆ. ತಮಾಷೆಗೆ ಎರಡಕ್ಕೂ ಓಡಿಸುವವನ ಹೆಸರು ಚಿನ್ನು ಅಂತ ಕೊಟ್ಟೆ."

"ಚಿನ್ನು ಯಾರು?"

"ನಮ್ಮ ಬೆಕ್ಕು."

ನನಗೆ ನಗು ಬಂತು. ಟೀಚರ್ ನಗಲಿಲ್ಲ.

ಸಮಿತಿಯ ಚಪ್ಪರದಲ್ಲಿ ನಿತ್ಯಾನಂದರ ಗಲಾಟೆ ಜೋರಾಗಿತ್ತು. "ನನ್ನ ಕೋಣ ಓಡಿಸುವವ ಚಿನ್ನು ಅಂತೆ! ಯಾರು ಮಾರಾಯ ಆ ಚಿನ್ನು? ಪರದೆಯಲ್ಲಿ ಬರೆದಿದ್ದಾರೆ, ನೋಡಿ!"

ದಯಾನಂದ ಮೂಲೆಯಲ್ಲಿ ತಲೆಯ ಮುಂಡಾಸು ಬಿಚ್ಚಿ ಕೈಯಲ್ಲಿ ಹಿಡಿದು ನಿಂತಿದ್ದ. ವರ್ಷವಿಡೀ ದುಡಿದು ಮೈ ಗಟ್ಟಿ ಮಾಡಿಕೊಂಡವನು ಅವನು. ಜನ ಅವನನ್ನೂ ಮಗಳನ್ನೂ ಓರೆಗಣ್ಣಿನಿಂದ ನೋಡುತ್ತಿದ್ದರು.

ರುಕ್ಮಯ್ಯ ಕೈ ಮುಗಿದರು. "ಟೀಚರ್, ವಿಭಾಗ ಸರಿ ಮಾಡುವ, ಅದು ದೊಡ್ಡದಲ್ಲ. ಆದರೆ ಮೋಸ ಮಾಡಿದವರ ಮನೆಯವರನ್ನು ಓಡಿಸಿದರೆ ನಾಳೆ ನನ್ನನ್ನೇ ಕೇಳ್ತಾರೆ. ನನ್ನದೇ ಕೋಣಕ್ಕೆ ಓಟಗಾರ ಇಲ್ಲದಿದ್ದರೂ ಪರವಾಗಿಲ್ಲ."

ಅವರ ಪಕ್ಕದಲ್ಲಿದ್ದ ಸೋದರಳಿಯ ಮನೀಷ್ ಮೆಲ್ಲನೆ ಹೇಳಿದ, "ಟೈಪ್ ಮಾಡುವಾಗ ಸುರಕ್ಷಾಳ ಬೆರಳು ತಪ್ಪಿರಬೇಕು ಮಾವ. ಬೇಕೂಂತ ಮಾಡಿರ್ಲಿಕ್ಕಿಲ್ಲ." ಅವಳ ಪರವಾಗಿ ಮಾತಾಡುವ ಒಬ್ಬನಾದರೂ ಇದ್ದಾನಲ್ಲ ಎಂದು ನನಗೆ ಆ ಹುಡುಗನ ಮೇಲೆ ಪ್ರೀತಿಯೇ ಬಂತು. ನನ್ನ ಬುದ್ಧಿಗಿಷ್ಟು ಬೆಂಕಿ ಬೀಳಲಿ.

ಟೀಚರ್ ಕಂಪ್ಯೂಟರ್ ಎದುರು ಕೂತು ಪ್ರೋಗ್ರಾಮಿನ ಸಾಲುಗಳನ್ನು ಒಂದೊಂದಾಗಿ ಓದಿದರು. ನಡುವೆ ಒಮ್ಮೆ ರುಕ್ಮಯ್ಯರ ಜೋಡಿಯ ವಿವರ ತೆಗೆಸಿದರು. ಅದು ಕಿರಿಯದಲ್ಲೇ ಇತ್ತು, ಓಡಿಸುವವನು ದಯಾನಂದನೇ. ಆಮೇಲೆ ಎದ್ದು, "ಹಕೀಂ, ಹೊರಗೆ ಕಟ್ಟಿದ ಕೋಣಕ್ಕೆ ಇನ್ನೊಂದು ಹಗ್ಗ ಕಟ್ಟಿಸು. ಎಲ್ಲರೂ ಬನ್ನಿ," ಎಂದರು.

ನಾವೆಲ್ಲ ಆ ಕೋಣದ ಸುತ್ತ ನಿಂತೆವು. ಟೀಚರ್ ಒಂದು ಹಗ್ಗವನ್ನು ನಿತ್ಯಾನಂದರ ಕೈಗೆ, ಇನ್ನೊಂದನ್ನು ನನ್ನ ಕೈಗೆ ಕೊಟ್ಟರು. ಕೋಣ ಒಮ್ಮೆ ನನ್ನನ್ನು ನೋಡಿತು, ನಾನು ಒಂದು ಹೆಜ್ಜೆ ಹಿಂದೆ ಸರಿದೆ.

"ಮೊದಲು ಬೆರಳು ತಪ್ಪಿದ ವಿಷಯ," ಎಂದರು ಟೀಚರ್. "ಕಂಬಳದಲ್ಲಿ ವಿಭಾಗ ಆರೇ. ಕನೆ ಹಲಗೆ, ಅಡ್ಡ ಹಲಗೆ, ಹಗ್ಗ ಮತ್ತು ನೇಗಿಲಿನಲ್ಲಿ ಹಿರಿಯ, ಕಿರಿಯ. ಪ್ರೋಗ್ರಾಮಿನಲ್ಲಿ ಅದನ್ನು ಎನಮ್ ಅಂತ ಬರೆದಿದ್ದಾರೆ. ಅಂದರೆ ಆರರಲ್ಲಿ ಒಂದನ್ನು ಆರಿಸ್ಬೇಕು, ಏಳನೆಯದು ಇಲ್ಲ. ಟೈಪ್ ಮಾಡ್ಲಿಕ್ಕೆ ಜಾಗವೇ ಇಲ್ಲದ ಮೇಲೆ ಬೆರಳು ತಪ್ಪುವುದು ಎಲ್ಲಿ? ಅದನ್ನು ಬರೆದ ಮನೀಷನಿಗೆ ಇದು ಗೊತ್ತಿಲ್ಲವಾ?"

ಟೀಚರ್ ಉಳಿದವರ ಕಡೆ ತಿರುಗಿದರು.

"ಹಾಗಾದರೆ ಆರಿಸಿದ್ದು ಸುರಕ್ಷಾಳೇ. ಆದರೆ ಮೋಸ ಮಾಡುವವಳು ಜೊತೆಗೆ ಮನೆಯ ಬೆಕ್ಕಿನ ಹೆಸರು ಬರೆದು ಎಲ್ಲರ ಕಣ್ಣಿಗೆ ಬೀಳುವ ಹಾಗೆ ಮಾಡ್ತಾಳಾ? ಚಿನ್ನು ಹುಟ್ಟಿದ್ದು ಟ್ರಯಲಿನಲ್ಲಿ. ಅದು ಅಸಲಿನಲ್ಲಿ ಕಾಣಿಸಿತು ಅಂದರೆ ಟ್ರಯಲಿನಲ್ಲಿ ಇದ್ದದ್ದು ನಕಲು ಅಲ್ಲ. ಹಕೀಂ, ಎಳೆ."

ನಾನು ಎಳೆದೆ. ಕೋಣ ನನ್ನ ಕಡೆ ಬಂತು, ಹಗ್ಗ ಹಿಡಿದ ನಿತ್ಯಾನಂದರೂ ಅದರ ಹಿಂದೆಯೇ ಬಂದರು.

"ಹಗ್ಗ ಎರಡು, ಕೋಣ ಒಂದೇ. ಪ್ರೋಗ್ರಾಮಿನಲ್ಲಿ ಒಂದು ಹೆಸರಿಗೆ ಇನ್ನೊಂದು ಹೆಸರನ್ನು ಸಮ ಅಂತ ಬರೆದರೆ ಹೊಸ ಜೋಡಿ ಆಗುವುದಿಲ್ಲ, ಅದೇ ಜೋಡಿಗೆ ಇನ್ನೊಂದು ಹಗ್ಗ ಆಗ್ತದೆ. ಅದಕ್ಕೆ ರೆಫರೆನ್ಸ್ ಅಂತ ಹೇಳ್ತೇವೆ. ಯಾವ ಹಗ್ಗ ಎಳೆದರೂ ಬರುವುದು ಇದೇ ಕೋಣ. ಸುರಕ್ಷಾ ನಕಲು ಅಂತ ನಂಬಿ ಎಳೆದಳು, ಹೋದದ್ದು ನಿತ್ಯಾನಂದರ ಅಸಲು ಜೋಡಿ."

"ಅಯ್ಯೋ, ನನಗೆ ಗೊತ್ತೇ ಆಗ್ಲಿಲ್ಲ ಟೀಚರ್!" ಮನೀಷ್ ಗಡಬಡಿಸಿದ. "ಸಮ ಅಂತ ಬರೆದರೆ ನಕಲು ಆಗ್ತದೆ ಅಂತ ಗ್ರಹಿಸಿದೆ. ಎಲ್ಲರಿಗೂ ಆಗುವ ತಪ್ಪು ಅದು."

"ಹೌದು, ಕಲಿಯುವ ಮಕ್ಕಳು ಎಲ್ಲ ಮಾಡ್ತಾರೆ," ಎಂದರು ಟೀಚರ್. "ಹಾಗಾದರೆ ನಿನ್ನ ಮಾವನ ಜೋಡಿ ಯಾಕೆ ಬಚಾವಾಯ್ತು? ಸುರಕ್ಷಾ ಅದನ್ನೂ ಹಿರಿಯಕ್ಕೆ ಹಾಕಿದ್ದಳು, ಅದಕ್ಕೂ ಚಿನ್ನು ಅಂತ ಬರೆದಿದ್ದಳು. ಅಸಲಿನಲ್ಲಿ ಒಂದು ಅಕ್ಷರ ಬದಲಾಗ್ಲಿಲ್ಲ. ಯಾಕೆಂದರೆ ಅದಕ್ಕೆ ನೀನು ಸಮ ಅಂತ ಬರೆದಿಲ್ಲ. ಹೊಸ ಆಬ್ಜೆಕ್ಟ್, ಅಂದರೆ ಬೇರೆಯೇ ಒಂದು ಜೋಡಿ ಮಾಡಿ, ಒಂದೊಂದೇ ವಿವರ ತುಂಬಿಸಿ ನಿಜವಾದ ನಕಲು ಮಾಡಿದ್ದಿ. ಒಂದರ ಕೆಳಗೆ ಒಂದು ಇರುವ ಸಾಲುಗಳು, ಎರಡೂ ನೀನೇ ಬರೆದದ್ದು. ವ್ಯತ್ಯಾಸ ಗೊತ್ತಿಲ್ಲದವ ಮಾವನ ಕೋಣಕ್ಕೆ ಮಾತ್ರ ಅಷ್ಟು ಜಾಗ್ರತೆ ಮಾಡ್ತಾನಾ? ನೀನೇ ಬದಲಿಸಿದ್ದರೆ ನಿನ್ನ ಹೆಸರು ಬೀಳ್ತಿತ್ತು, ನೀನು ಅಧ್ಯಕ್ಷರ ಅಳಿಯ. ಅದಕ್ಕೆ ಅವಳ ಕೈ ಬೇಕಾಯ್ತು."

ರುಕ್ಮಯ್ಯ ಅಳಿಯನ ಹೆಗಲ ಮೇಲೆ ಕೈಯಿಟ್ಟರು. "ಹೌದಾ?"

"ನಿಮಗೆ ಈ ಸಲವಾದರೂ ಗೆಲ್ಲಬೇಕಿತ್ತಲ್ಲ ಮಾವ," ಎಂದ ಮನೀಷ್. ರುಕ್ಮಯ್ಯ ಕೈ ತೆಗೆದುಕೊಂಡು ಮುಖ ತಿರುಗಿಸಿದರು.

ಸುರಕ್ಷಾ ಅವನ ಎದುರು ಬಂದು ನಿಂತಳು. ಈಗ ಅವಳು ಅಳುತ್ತಿರಲಿಲ್ಲ. "ಬೆಳಿಗ್ಗೆಯಿಂದ ಅಪ್ಪನನ್ನು ಕಳ್ಳನ ಹಾಗೆ ನಿಲ್ಲಿಸಿದ್ದರು. ನೀನು ಅಲ್ಲೇ ಇದ್ದಿ. ಒಂದು ಮಾತು ಹೇಳ್ಬಹುದಿತ್ತು."

"ಅಷ್ಟು ದೊಡ್ಡದಾಗ್ತದೆ ಅಂತ ಗೊತ್ತಿರ್ಲಿಲ್ಲ."

"ನಾನು ಆ ಸಾಲು ಓದಿದ್ದರೆ ನಿನ್ನೆಯೇ ಸಿಕ್ಕಿಬೀಳ್ತಿದ್ದಿ. ಹೆದರಿಕೆ ಆಗ್ಲಿಲ್ಲವಾ?"

ಮನೀಷ್ ನೆಲ ನೋಡಿದ. "ನಾನು ಬರೆದದ್ದನ್ನು ನೀನು ಯಾವತ್ತೂ ತೆಗೆದು ನೋಡುವುದಿಲ್ಲ. ಅದು ಗೊತ್ತಿತ್ತು."

ಎರಡು ಬಾರಿಸಬೇಕು ಎನಿಸಿತು ನನಗೆ. ಸುರಕ್ಷಾ ಮಾತ್ರ ಚಪ್ಪರದೊಳಗಿನ ಕಂಪ್ಯೂಟರಿನ ಕಡೆ ತಿರುಗಿ ನೋಡಿದಳು.

ನಿತ್ಯಾನಂದರು ಹಗ್ಗ ಬಿಟ್ಟು ದಯಾನಂದನ ಹತ್ತಿರ ಹೋಗಿ, ತಪ್ಪಾಯಿತು ಎಂದು ಎಲ್ಲರೆದುರೇ ಹೇಳಿದರು. ದಯಾನಂದ ಮಗಳ ಮುಖ ನೋಡಿದ. "ರುಕ್ಮಯ್ಯಣ್ಣನ ಕೋಣವನ್ನೇ ಓಡಿಸ್ಲಾ ಮಗಾ? ನೀನು ಬೇಡ ಅಂದರೆ ಮನೆಗೆ ಹೋಗುವ."

"ಓಡಿ ಅಪ್ಪ. ಕೋಣಗಳು ಎಂತ ಮಾಡಿದ್ದಾವೆ, ಪಾಪ!"

ಅವನು ಮುಂಡಾಸು ಕಟ್ಟಿಕೊಂಡು ಹೊರಟ. ಅಷ್ಟರಲ್ಲಿ ಟೀಚರ್ ಚಪ್ಪರದೊಳಗೆ ಕೂತು ಆ ಸಾಲನ್ನು ತಿದ್ದಿ, ನಿತ್ಯಾನಂದರ ಜೋಡಿಯನ್ನು ಕಿರಿಯಕ್ಕೆ ಸೇರಿಸಿ ಮುಗಿಸಿದ್ದರು. "ಎಲ್ಲ ಸರಿ ಮಾಡಿದ್ದೇನೆ ಸುರಕ್ಷಾ. ಇನ್ನು ಓಟದ ದಾಖಲೆ ಶುರು ಮಾಡು."

ಸುರಕ್ಷಾ ಕುರ್ಚಿ ಎಳೆದುಕೊಂಡು ಕೂತಳು. ಅವಳಿಗೆ ಕಾಲೇಜಿನ ಮೊದಲ ದಿನದಿಂದ ಕಲಿಸಿದವರು ಟೀಚರ್. ಅರ್ಧ ಗಂಟೆಯ ಹಿಂದೆ ಅವಳ ಮಾನ ಉಳಿಸಿದವರೂ ಅವರೇ.

"ಬೇಜಾರು ಮಾಡ್ಬೇಡಿ ಟೀಚರ್," ಎಂದಳು ಅವಳು, ತಲೆ ಎತ್ತದೆ. "ನೀವು ಬರೆದದ್ದನ್ನೂ ಒಮ್ಮೆ ನೋಡ್ತೇನೆ."

ಟೀಚರ್ ಸರಿದು ಜಾಗ ಕೊಟ್ಟರು. ಮೈಕಿನಲ್ಲಿ ನೇಗಿಲು ಕಿರಿಯ ವಿಭಾಗವನ್ನು ಕರೆಯುತ್ತಿದ್ದರು. ಸುರಕ್ಷಾ ಮೊದಲ ಸಾಲಿನಿಂದ ಓದಲು ಶುರು ಮಾಡಿದಳು.